ದಂಡನಾಯಕನ ಅಕ್ಕ

ನಮ್ಮೂರ ಗ್ರಂಥಾಲಯದಲ್ಲಿ ಮೇಜರ್ ಜನರಲ್ ರಾಯ್ಸ್ ಟೆಂಪ್ಲಿನ್‌ಗೆಂದೇ ಒಂದು ಗೋಡೆ ಬಿಟ್ಟುಕೊಟ್ಟಿದ್ದಾರೆ. ಸೈನಿಕ ಶಾಲೆ ಸೇರಿದ ದಿನ ತಲೆ ಬೋಳಿಸಿಕೊಂಡು ಪೆಕರು ಪೆಕರಾಗಿ ನಿಂತ ಹುಡುಗ, ಮರಳುಗಾಡಿನಲ್ಲಿ ಟ್ಯಾಂಕಿನ ಮೇಲೆ ಕೂತ ಕ್ಯಾಪ್ಟನ್, ಎರಡು ನಕ್ಷತ್ರಗಳ ಕೆಂಪು ಬಾವುಟದ ಮುಂದೆ ಗಲ್ಲ ಎತ್ತಿ ನಿಂತ ದಂಡನಾಯಕ, ಎಲ್ಲ ಚಿತ್ರಗಳೂ ಅಲ್ಲಿವೆ. ಕೆಳಗೆ ದಪ್ಪ ಅಕ್ಷರದಲ್ಲಿ ‘ನಮ್ಮ ಕೆಂಪು ಮಣ್ಣಿನ ಮಗ’ ಎಂದು ಬರೆದಿದ್ದಾರೆ. ಆ ಮಗನನ್ನು ಸಾಕಿದ ಅಕ್ಕನ ಚಿತ್ರವೂ ಒಂದು ಕಾಲದಲ್ಲಿ ಅಲ್ಲಿತ್ತು. ಆಮೇಲೆ ಯಾರೋ ಕಿತ್ತರು. ಗೋಡೆಯ ಮೇಲೆ ಅದರ ಮೊಳೆಯೊಂದು ಹಾಗೇ ಇದೆ.

ಅವಳ ಹೆಸರು ವೆಲ್ಡಾ ಪ್ರುಯಿಟ್. ನನ್ನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಾಳೆ. ಗೋಡೆಗೆ ಅವಳು ಬೇಡವಾದರೆ ಬೇಡ. ನಾನು ಹೇಳುತ್ತೇನೆ.

ನಾನು ಕೊರಿಯಾದಿಂದ ಒಬ್ಬ ಸಿಪಾಯಿಯ ಹೆಂಡತಿಯಾಗಿ ಓಕ್ಲಹೋಮಾದ ಈ ಊರಿಗೆ ಬಂದವಳು. ನನ್ನ ಹೆಸರು ಮ್ಯೊಂಗ್‌ಜಾ. ಇಲ್ಲಿನವರ ನಾಲಿಗೆಗೆ ಅದು ಹತ್ತದೆ ‘ಮೇ’ ಆಯಿತು. ಗಂಡ ಇನ್ನೊಬ್ಬಳ ಹಿಂದೆ ಹೋದ, ನನಗೆ ಹೊಲಿಗೆ ಯಂತ್ರ ಉಳಿಯಿತು. ದಂಡಿನ ಗೇಟಿನ ಎದುರಿನ ಲಾಂಡ್ರಿಯಲ್ಲಿ ಒಂದು ಮೂಲೆ ಸಿಕ್ಕಿತು. ಸಿಪಾಯಿಗಳ ಅಂಗಿಗೆ ಹೆಸರಿನ ಪಟ್ಟಿ, ದರ್ಜೆಯ ಗುರುತು ಹೊಲಿಯುವುದು ನನ್ನ ಕೆಲಸ. ಪಕ್ಕದಲ್ಲಿ ಉಗಿ ಇಸ್ತ್ರಿಯ ಮುಂದೆ ವೆಲ್ಡಾ. ನಾನು ಬರುವ ಹೊತ್ತಿಗೆ ಅವಳು ಅಲ್ಲಿ ಹಳಬಳಾಗಿದ್ದಳು. ಕಾಲ ಕಳೆದಂತೆ ಅಂಗಡಿಯನ್ನು ನಾನೇ ಕೊಂಡೆ. ಆದರೂ ಇವತ್ತಿಗೂ ಅಲ್ಲಿ ನಡೆಯುವುದು ಅವಳ ಮಾತೇ.

ನಮ್ಮದು ದಂಡು ಉಂಡರೆ ತೇಗುವ ಊರು. ಗೇಟಿನಿಂದ ಶುರುವಾಗಿ ದನದ ಹರಾಜು ಕಟ್ಟೆಯ ತನಕ ಒಂದೇ ಬೀದಿ. ವೆಲ್ಡಾಳ ಅಪ್ಪ ಆ ಹರಾಜು ಕಟ್ಟೆಯಲ್ಲಿ ದನ ಅಟ್ಟುತ್ತಿದ್ದ, ಸಂಜೆ ಕುಡಿಯುತ್ತಿದ್ದ. ಅಮ್ಮ ಕ್ಯಾನ್ಸರಿನಿಂದ ಸತ್ತಾಗ ರಾಯ್ಸ್‌ಗೆ ಇನ್ನೂ ಹಾಲುಹಲ್ಲು ಬೀಳುತ್ತಿತ್ತು. ವೆಲ್ಡಾ ಶಾಲೆ ಬಿಟ್ಟು ಲಾಂಡ್ರಿ ಸೇರಿದಳು. ತಮ್ಮ ಇಸ್ತ್ರಿ ಮೇಜಿನ ಕೆಳಗೆ ಕೂತು ಪಾಠ ಓದುತ್ತಿದ್ದ. ಅಪ್ಪ ಕುಡಿದು ಬಂದು ಹುಡುಗನ ಮೇಲೆ ಬೆಲ್ಟು ಎತ್ತಿದ ದಿನ ಅವಳು ಬಾಣಲೆ ಹಿಡಿದು ಬಾಗಿಲಿಗೆ ಅಡ್ಡ ನಿಂತಳಂತೆ. ಆಮೇಲೆ ಅಪ್ಪ ಆ ಕೋಣೆಗೆ ಕಾಲಿಡಲಿಲ್ಲ.

ಹಾರ್ಲನ್ ಪ್ರುಯಿಟ್ ಎಂಬ ಲಾರಿ ಚಾಲಕ ಅವಳನ್ನು ಮದುವೆಯಾಗುತ್ತೇನೆಂದು ವರ್ಷಗಟ್ಟಲೆ ಕಾದ.

“ನಿನ್ನ ತಮ್ಮಂಗೆ ಮೀಸೆ ಬರೋವರೆಗೂ ಕಾಯ್ಬೇಕೇನೇ?” ಎಂದು ಕೇಳುತ್ತಿದ್ದನಂತೆ.

“ಕಾಯೋ ಹಾಗಿದ್ರೆ ಕಾಯಿ. ಇಲ್ದಿದ್ರೆ ಲಾರಿ ಹತ್ತು.”

ಹಾರ್ಲನ್ ಲಾರಿ ಹತ್ತುತ್ತಿದ್ದ, ಮತ್ತೆ ಬರುತ್ತಿದ್ದ. ರಾಯ್ಸ್ ಸೈನಿಕ ಶಾಲೆಗೆ ಆಯ್ಕೆಯಾಗಿ ಬಸ್ಸು ಹತ್ತಿದ ಮೇಲೆಯೇ ಅವಳು ಮದುವೆಯಾದದ್ದು. ಒಬ್ಬನೇ ಮಗ ಹುಟ್ಟಿದ, ಲೊನ್ನಿ. ಮಗ ಶಾಲೆಯಲ್ಲಿದ್ದಾಗಲೇ ಹಾರ್ಲನ್‌ನ ಹೃದಯ ನಿಂತಿತು.

ರಾಯ್ಸ್ ಒಂದೊಂದು ಮೆಟ್ಟಿಲು ಹತ್ತಿದಾಗಲೂ ಊರಿಗೆ ಬಂದು ಅಂಗಿಯನ್ನು ನನ್ನ ಮೇಜಿನ ಮೇಲೆ ಹಾಕುತ್ತಿದ್ದ. “ಮೇ, ನಿನ್ನ ಕೈಯ ಹೊಲಿಗೇನೇ ಆಗ್ಬೇಕು.” ಲೆಫ್ಟಿನೆಂಟಿನ ಪಟ್ಟಿ, ಕ್ಯಾಪ್ಟನ್ನಿನ ಜೋಡಿ ಪಟ್ಟಿ, ಮೇಜರಿನ ಎಲೆ, ಕರ್ನಲ್ಲಿನ ಹದ್ದು, ಎಲ್ಲ ನಾನೇ ಹೊಲಿದೆ. ಆಮೇಲೆ ವೆಲ್ಡಾ ಗಂಜಿ ಹಾಕಿ, ಮಡಿಕೆ ಕತ್ತಿಯಲಗಿನಂತೆ ನಿಲ್ಲುವ ಹಾಗೆ ತೀಡುತ್ತಿದ್ದಳು.

ಅವನು ಹುಟ್ಟಾ ಕೆಟ್ಟವನಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸುತ್ತದೆ. ಮರಳುಗಾಡಿನ ಯುದ್ಧದಿಂದ ಬಂದಾಗ ಅವನು ಕ್ಯಾಪ್ಟನ್. ತನ್ನ ತುಕಡಿಯ ಒಬ್ಬ ಹುಡುಗ ಸತ್ತದ್ದಕ್ಕೆ ಅಕ್ಕನ ಅಡುಗೆಮನೆಯಲ್ಲಿ ಕೂತು ಮಗುವಿನಂತೆ ಅತ್ತನಂತೆ. “ನಾನು ಇನ್ನೊಂದು ಸಲ ದುರ್ಬೀನು ಹಿಡಿದು ನೋಡ್ಬೇಕಿತ್ತು ಅಕ್ಕ” ಅಂದನಂತೆ. ಆ ಹುಡುಗನ ತಾಯಿಯನ್ನು ನೋಡಲು ಮಿಸೌರಿಯ ತನಕ ತಾನೇ ಕಾರು ಓಡಿಸಿಕೊಂಡು ಹೋಗಿದ್ದ. ಮುಂದೆ ಕರ್ನಲ್ ಆಗಿ ಇನ್ನೊಂದು ಯುದ್ಧದಿಂದ ಬಂದ. ಆಗಲೂ ಹುಡುಗರು ಸತ್ತಿದ್ದರು, ಹೆಚ್ಚೇ ಸತ್ತಿದ್ದರು. ಈ ಸಲ ಅವನ ಬಾಯಲ್ಲಿ ಬಂದದ್ದು ‘ನಷ್ಟದ ಪ್ರಮಾಣ’ ಎಂಬ ಮಾತು. ಆಗ ವೆಲ್ಡಾ ನನ್ನ ಹತ್ತಿರ, “ದೊಡ್ಡವನಾಗ್ತಿದಾನೆ, ಎದೆ ಗಟ್ಟಿ ಮಾಡ್ಕೋಬೇಕಲ್ಲ” ಎಂದಳು.

ಜನರಲ್ ಆಗಿ ಹೆಗಲಿಗೆ ಮೊದಲ ನಕ್ಷತ್ರ ಬಂದಾಗ ಅವಳನ್ನು ವಾಷಿಂಗ್ಟನ್ನಿಗೆ ಕರೆಸಿಕೊಂಡ. ಭಾಷಣದಲ್ಲಿ “ಇಸ್ತ್ರಿ ಮೇಜಿನ ಕೆಳಗೆ ಬೆಳೆದವನು ನಾನು” ಎಂದನಂತೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ವರ್ಜೀನಿಯಾದ ದೊಡ್ಡ ಮನೆತನದ ಅವನ ಹೆಂಡತಿ ವೆಲ್ಡಾಳ ಒರಟು ಕೈಯನ್ನು ಬೆರಳ ತುದಿಯಲ್ಲಿ ಮುಟ್ಟಿದಳಂತೆ. ವೆಲ್ಡಾಗೆ ಅದೇನೂ ಲೆಕ್ಕಕ್ಕೆ ಬರಲಿಲ್ಲ. ತಿಂಗಳುಗಟ್ಟಲೆ ಬಂದವರಿಗೆಲ್ಲ ಆ ಚಪ್ಪಾಳೆಯ ಕತೆ ಹೇಳಿದಳು.

ಎರಡನೆಯ ನಕ್ಷತ್ರದ ಜೊತೆಗೆ ಅವನು ನಮ್ಮೂರ ದಂಡಿಗೇ ದಂಡನಾಯಕನಾಗಿ ಬಂದ. ಊರಿಗೆ ಊರೇ ಬೀಗಿತು. ಲೊನ್ನಿ ಆಗ ಅದೇ ದಂಡಿನಲ್ಲಿ ಸಾರ್ಜೆಂಟ್, ಗಾಡಿಗಳ ಮೆಕ್ಯಾನಿಕ್. ದೊಡ್ಡ ಮೈ, ಮೆಲ್ಲನೆ ಮಾತು. ಉಗುರಿನ ಸಂದಿಯಲ್ಲಿ ಸದಾ ಗ್ರೀಸು. ಮಾವನ ಹೆಸರು ಹೇಳಿಕೊಂಡು ಒಂದು ರಜೆಯನ್ನೂ ಕೇಳಿದವನಲ್ಲ. ಅಮ್ಮನ ಮನೆಯ ಹಿಂದಿನ ಕೋಣೆಯಲ್ಲೇ ಇದ್ದ. ನನ್ನ ಹೊಲಿಗೆ ಯಂತ್ರ ಕೆಟ್ಟರೆ ಬಂದು ಬಿಚ್ಚಿ ಕೂರುತ್ತಿದ್ದವನು ಅವನೇ.

ಭಾನುವಾರ ಚರ್ಚು ಮುಗಿಸಿ ಜನರಲ್ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದ. ಅಂಥ ಒಂದು ಭಾನುವಾರದ ಊಟದ ಸುದ್ದಿಯನ್ನು ವೆಲ್ಡಾ ಮರುದಿನ ಬೆಳಿಗ್ಗೆಯೇ, ಇನ್ನೂ ಏನೂ ಆಗದಿರುವಾಗಲೇ, ನನಗೆ ಹೇಳಿದ್ದಳು. ಕರಿದ ಮೀನು, ಬೆಂಡೆಕಾಯಿ, ಜೋಳದ ಬ್ರೆಡ್ಡು ಮಾಡಿದ್ದಳಂತೆ. ಮೇಜಿನಲ್ಲಿದ್ದವರು ಮೂವರೇ.

“ಮಾವ, ಒಂದು ಮಾತು” ಎಂದು ಲೊನ್ನಿ ಶುರುಮಾಡಿದನಂತೆ. “ನಮ್ಮ ಶೆಡ್ಡಿನಲ್ಲಿ ಅರ್ಧಕ್ಕರ್ಧ ಟ್ರಕ್ಕುಗಳ ಬ್ರೇಕು ಸರಿಯಿಲ್ಲ. ಬಿಡಿಭಾಗ ಬಂದಿಲ್ಲ. ಮೇಲಿನವರು ಮಾತ್ರ ಎಲ್ಲಾ ತಯಾರು ಅಂತ ನಿಮಗೆ ಹೇಳ್ತಿದಾರೆ.”

“ವಾಷಿಂಗ್ಟನ್‌ನೋರು ಕವಾಯತು ನೋಡೋಕೆ ಬರ್ತಿದಾರೆ ಲೊನ್ನಿ. ಅದೊಂದು ಮುಗೀಲಿ, ನೋಡೋಣ.”

“ಮುಗಿಯೋದಲ್ಲ ಮಾವ, ಆ ಕವಾಯತಿಗೇ ಅವನ್ನ ಓಡಿಸ್ತಾರೆ. ಯಾರಾದ್ರೂ ಸಾಯ್ತಾರೆ.”

“ಎಲ್ಲ ಮೆಕ್ಯಾನಿಕ್‌ಗಳೂ ಹೀಗೇ ಹೇಳೋದು. ಗ್ಯಾರೇಜನ್ನ ಊಟದ ಮೇಜಿಗೆ ತರಬೇಡಪ್ಪ.”

ಲೊನ್ನಿ ಮತ್ತೆ ಬಾಯಿ ತೆರೆದಾಗ ವೆಲ್ಡಾಳೇ ಗದರಿದಳಂತೆ: “ಸಾಕು ಸುಮ್ನಿರೋ. ಪಾಪ, ವಾರಕ್ಕೊಂದು ದಿನ ನೆಮ್ಮದಿಯಾಗಿ ಉಣ್ಣೋಕೆ ಬರ್ತಾನೆ. ಬಾಯಿ ಮುಚ್ಕೊಂಡು ತಿನ್ನು.”

ಲೊನ್ನಿ ಬಾಯಿ ಮುಚ್ಚಿಕೊಂಡು ತಿಂದ.

ಅವನ ಮಾವನ ಹೆಸರು ಆಗ ಮೂರನೆಯ ನಕ್ಷತ್ರಕ್ಕೆ ಹೋಗಿತ್ತು. ವಾಷಿಂಗ್ಟನ್ನಿನವರು ಒಪ್ಪುವುದೊಂದು ಬಾಕಿ. ಬರುವ ದೊಡ್ಡವರ ಕಣ್ಣ ಮುಂದೆ ಒಂದೂ ಗಾಡಿ ನಿಂತ ಜಾಗದಲ್ಲೇ ಉಳಿಯಬಾರದೆಂದು ಆಜ್ಞೆಯಾಗಿತ್ತು. ಕವಾಯತಿನ ದಿನ ಬೆಳಿಗ್ಗೆ ಸಿಪಾಯಿಗಳನ್ನು ತುಂಬಿದ ಟ್ರಕ್ಕೊಂದು ಹಳ್ಳದ ಇಳಿಜಾರಿನಲ್ಲಿ ನಿಲ್ಲಲಾರದೆ ಉರುಳಿತು. ಹಿಂದೆ ಇದ್ದವರ ಕೈಕಾಲು ಮುರಿದವು. ಮುಂದೆ ಚಾಲಕಿಯ ಪಕ್ಕ ಕೂತಿದ್ದವನು ಸತ್ತ. ಅವನು ಲೊನ್ನಿ.

ಸುದ್ದಿ ತಂದವನು ರಾಯ್ಸೇ. ಪಾದ್ರಿಯ ಜೊತೆ ಅಂಗಡಿಯ ಬಾಗಿಲಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತ. ದಂಡಿನ ಊರಿನಲ್ಲಿ ಪಾದ್ರಿಯ ಜೊತೆ ಬಂದ ಅಧಿಕಾರಿ ಬಾಯಿ ತೆರೆಯಬೇಕಾಗಿಲ್ಲ. ವೆಲ್ಡಾ ಇಸ್ತ್ರಿಯನ್ನು ಅಂಗಿಯ ಮೇಲೇ ಬಿಟ್ಟಳು. ಬಟ್ಟೆ ಹೊತ್ತಿದ ವಾಸನೆ ಬಂದು ನಾನು ಓಡಿ ಎತ್ತಿದೆ. ಅವಳು ತಮ್ಮನ ಎದೆಗೆ ತಲೆ ಕೊಟ್ಟು ಕಿರುಚಿದಳು, ಅವನೂ ಅತ್ತ. ಆ ಅಳು ನಿಜವಾದದ್ದೆಂದು ಈಗಲೂ ಹೇಳುತ್ತೇನೆ.

ಮಣ್ಣಿನ ದಿನ ಮಡಿಸಿದ ಬಾವುಟವನ್ನು ಅವನೇ ಮಂಡಿಯೂರಿ ಅವಳ ಮಡಿಲಿಗಿಟ್ಟು ದೇಶದ ಪರವಾಗಿ ಹೇಳುವ ಮಾತನ್ನು ಹೇಳಿದ. ಸ್ವಂತ ಅಕ್ಕನಿಗೂ ಗಿಳಿಪಾಠದಂತೆ ಅದೇ ಮಾತು, ಅದೇ ಧಾಟಿ.

“ಹೆಂಗಾಯ್ತೋ ರಾಯ್ಸ್?” ಎಂದಳು ಅವಳು, ಎಲ್ಲರಿಗೂ ಕೇಳುವಂತೆ.

“ಆ ಹುಡುಗಿ ಜೋರಾಗಿ ಓಡಿಸಿದ್ಲು ಅಕ್ಕ. ಬಿಡಲ್ಲ ಅವಳನ್ನ.”

ಆ ಹುಡುಗಿ ಮರಿಸೋಲ್ ಕಿಂಟಾನಾ, ಟೆಕ್ಸಸ್‌ನ ಗಡಿಯ ಕಡೆಯವಳು. ಅವಳ ನಿರ್ಲಕ್ಷ್ಯದಿಂದ ಸಾವಾಯಿತೆಂದು ಸೇನೆ ಆರೋಪ ಹೊರಿಸಿತು, ಪತ್ರಿಕೆಯಲ್ಲಿ ಚಿತ್ರ ಬಂತು. ವೆಲ್ಡಾ ಆ ಚಿತ್ರವನ್ನು ನೋಡಿ ಆಡಿದ ಬೈಗುಳಗಳನ್ನು ಬರೆಯಲಾರೆ.

ಒಂದು ದಿನ ಆ ಹುಡುಗಿಯೇ ಊರುಗೋಲಿನ ಮೇಲೆ ಅಂಗಡಿಗೆ ಬಂದಳು. ವೆಲ್ಡಾಳಿಗೆ ಗುರುತು ಸಿಕ್ಕಿತು.

“ಹೊರಗೆ ನಡಿ! ನನ್ನ ಮಗನ್ನ ತಿಂದವಳೇ, ಯಾವ ಮುಖ ಹೊತ್ಕೊಂಡು ಬಂದೆ?”

“ಬಯ್ಯಿರಿ ಅಮ್ಮಾ. ಬಯ್ದ ಮೇಲೆ ಒಂದು ಮಾತು ಕೇಳಿಸ್ಕೊಳ್ಳಿ” ಎಂದಳು ಹುಡುಗಿ. ಗೋಡೆ ಹಿಡಿದು ನಿಂತಿದ್ದಳು. “ಆ ಟ್ರಕ್ಕಿಗೆ ಬ್ರೇಕೇ ಇರಲಿಲ್ಲ. ಓಡಿಸಬಾರ್ದು ಅಂತ ಸಾರ್ಜೆಂಟ್ ಪ್ರುಯಿಟ್ ಹಿಂದಿನ ದಿನಾನೇ ಬಣ್ಣದಲ್ಲಿ ಗೀಟು ಹಾಕಿ ಪಕ್ಕಕ್ಕೆ ನಿಲ್ಲಿಸಿದ್ರು. ಬೆಳಿಗ್ಗೆ ಯಾರೋ ಬಣ್ಣ ಒರೆಸಿ ಸಾಲಿಗೆ ತಂದಿದ್ರು. ನಾನು ಹತ್ತಲ್ಲ ಅಂದೆ. ಲೆಫ್ಟಿನೆಂಟು, ‘ಇದು ಆಜ್ಞೆ, ಮೇಲಿಂದ ಬಂದದ್ದು’ ಅಂದ್ರು. ಆಗ ನಿಮ್ಮ ಮಗ ಓಡಿ ಬಂದು ನನ್ನ ಪಕ್ಕ ಹತ್ತಿದ್ರು. ಅವರು ಬರೋದೇ ಬೇಡ ಇತ್ತು ಅಮ್ಮಾ. ‘ನೀನೊಬ್ಬಳೇ ಹೋಗೋದು ಬೇಡ, ಗೇರಿನಲ್ಲಿ ಹೆಂಗೆ ಹಿಡಿಯೋದು ಅಂತ ನಾನು ಹೇಳ್ತೀನಿ’ ಅಂದ್ರು. ಉರುಳೋವರೆಗೂ ಹೇಳ್ತಾನೇ ಇದ್ರು.”

ವೆಲ್ಡಾ ಒಂದು ಸ್ಟೂಲು ಎಳೆದು ಹುಡುಗಿಯ ಹಿಂದಿಟ್ಟಳು. ಕೂತ ಮೇಲೆ ಅವಳ ಊರುಗೋಲನ್ನು ತೆಗೆದು ಗೋಡೆಗೆ ಒರಗಿಸಿದಳು. ಆಮೇಲೆ ನನ್ನತ್ತ ತಿರುಗಿ, “ಮೇ, ನಾನೇ ಅವನ ಬಾಯಿ ಮುಚ್ಚಿಸ್ದೆ ಕಣೇ” ಎಂದಳು. ಅವಳ ಮುಖ ಅವತ್ತು ಕಲ್ಲಾದದ್ದು ಮತ್ತೆ ಮೊದಲಿನಂತಾಗಲಿಲ್ಲ.

ಅವತ್ತೇ ಸಂಜೆ ತಮ್ಮನನ್ನು ಮನೆಗೆ ಕರೆಸಿದಳು. ನಾನೂ ಇರಬೇಕೆಂದಳು, ಹೋದೆ. ಅವನು ಕೂರುವ ಮೊದಲೇ ಕೇಳಿದಳು:

“ಗಾಡಿ ಕೆಟ್ಟಿದ್ದು ನಿಂಗೆ ಗೊತ್ತಿತ್ತೋ ಇಲ್ವೋ?”

“ಯಾರೂ ನನಗೆ ವರದಿ ಮಾಡ್ಲಿಲ್ಲ ಅಕ್ಕ.”

“ಯಾರೂ ಮಾಡ್ಲಿಲ್ವಾ? ಈ ಕುರ್ಚೀಲಿ ಕೂತು ನಿನ್ನ ಅಳಿಯ ಬಾಯಿ ಬಿಟ್ಟು ಹೇಳಿದ್ನಲ್ಲೋ! ‘ಯಾರಾದ್ರೂ ಸಾಯ್ತಾರೆ’ ಅಂದ್ನಲ್ಲೋ!”

“ಅದು ಮನೇಲಿ ಆಡಿದ ಮಾತು. ಸೇನೇಲಿ ಅದಕ್ಕೊಂದು ದಾರಿ ಇರುತ್ತೆ, ಕ್ರಮ ಇರುತ್ತೆ.”

“ಸತ್ತವನು ಯಾವ ಕ್ರಮದಲ್ಲಿ ಸತ್ತ, ಹೇಳು.”

ರಾಯ್ಸ್ ದನಿ ತಗ್ಗಿಸಿದ. “ಅಕ್ಕ, ಸ್ವಲ್ಪ ದಿನ ತಡ್ಕೋ. ನನ್ನ ವಿಷಯ ವಾಷಿಂಗ್ಟನ್‌ನಲ್ಲಿ ಇತ್ಯರ್ಥ ಆಗ್ಲಿ. ಆಮೇಲೆ ಆ ಹುಡುಗೀದು ಸಣ್ಣ ಶಿಕ್ಷೇಲಿ ಮುಗಿಯೋ ಹಾಗೆ ಯಾರಿಗಾದ್ರೂ ಹೇಳ್ತೀನಿ. ಲೊನ್ನಿ ಹೆಸರಲ್ಲಿ ಆ ಗಾಡಿ ಶೆಡ್ಡಿಗೇ ಒಂದು ಫಲಕ ಹಾಕಿಸ್ತೀನಿ.”

ನಾನು ಅವಳನ್ನು ಇಷ್ಟು ಕಾಲದಲ್ಲಿ ಅಂಥ ಸಿಟ್ಟಿನಲ್ಲಿ ನೋಡಿರಲಿಲ್ಲ. ಕೂಗಲಿಲ್ಲ. ಮೇಜು ಹಿಡಿದ ಕೈಯ ನರ ಉಬ್ಬಿದ್ದವು.

“ಫಲಕ! ನನ್ನ ಮಗನ್ನ ಕೊಂದ ಶೆಡ್ಡಿಗೆ ನನ್ನ ಮಗನ ಹೆಸರು! ಲೋ, ನಿಂಗೆ ತುತ್ತು ಹಾಕಿದೀನಿ, ಕುಂಡಿ ತೊಳೆದಿದೀನಿ. ನನ್ನ ಎದುರು ನಕ್ಷತ್ರದ ಮಾತಾಡ್ಬೇಡ. ಎದ್ದು ಹೋಗು. ಆ ವಿಚಾರಣೇಲಿ ನೀನೇ ನಿಂತು ‘ನಂಗೆ ಹೇಳಿದ್ದ’ ಅನ್ನು. ನೀನು ಹೇಳ್ಲಿಲ್ಲ ಅಂದ್ರೆ ನಾನು ಹೇಳ್ತೀನಿ.”

“ನಿನ್ನ ಕೈಯಾರೆ ನನ್ನ ಮುಗಿಸ್ತೀಯಾ ಅಕ್ಕ?”

“ಹೋಗು ಅಂದೆ.”

ಅವನು ಹೋದ. ಹೇಳಲಿಲ್ಲ.

ಊರಿಗೆ ವಿಷಯ ಹಬ್ಬಿತು. ಲೊನ್ನಿ ಸತ್ತಾಗ ಬಟ್ಟಲು ಬಟ್ಟಲು ಅಡುಗೆ ಹೊತ್ತು ತಂದಿದ್ದ ಚರ್ಚಿನ ಹೆಂಗಸರು ಈಗ ಅವಳು ಕೂತ ಬೆಂಚಿನಲ್ಲಿ ಕೂರುವುದನ್ನು ಬಿಟ್ಟರು. ಒಬ್ಬಳು ಅಂಗಡಿಗೇ ಬಂದು, “ರಕ್ತ ಸಂಬಂಧ ನೋಡು ವೆಲ್ಡಾ, ಊರಿನ ಮರ್ಯಾದೆ ನೋಡು” ಎಂದಳು. “ರಕ್ತ ನೋಡಿದೀನಿ. ಮಗನ ಅಂಗಿ ಒಗೆದವಳು ನಾನೇ” ಎಂದಳು ವೆಲ್ಡಾ. ಅಧಿಕಾರಿಗಳ ಬಟ್ಟೆ ನನ್ನ ಅಂಗಡಿಗೆ ಬರುವುದು ನಿಂತಿತು. ಇಸ್ತ್ರಿಗೆ ಬೇರೆ ಯಾರನ್ನಾದರೂ ಇಟ್ಟುಕೋ ಎಂದು ಒಬ್ಬ ಮೇಜರ್ ಬುದ್ಧಿ ಹೇಳಲು ಬಂದ. ಅವನು ಮೊದಲೇ ಕೊಟ್ಟಿದ್ದ ಕೋಟನ್ನು ಹೊಲಿಯದೆ ಹಾಗೇ ಕೈಗೆ ಕೊಟ್ಟು ಬಾಗಿಲು ತೋರಿಸಿದೆ. ಆದರೆ ಗಾಡಿ ಶೆಡ್ಡಿನ ಹುಡುಗರು ಮಾತ್ರ ಬಂದರು. ಒಗೆಯುವ ಅಗತ್ಯವಿಲ್ಲದ ಬಟ್ಟೆಯನ್ನೂ ತಂದು ಹಾಕಿ, ಅವಳಿಗೆ “ನಮಸ್ಕಾರ ಅಮ್ಮಾ” ಎಂದು ಹೋಗುತ್ತಿದ್ದರು.

ಸತ್ತವನು ದಂಡನಾಯಕನ ಅಳಿಯನಾದ್ದರಿಂದ ವಿಚಾರಣೆಗೆ ಬೇರೆ ದಂಡಿನಿಂದ ಒಬ್ಬ ಕರ್ನಲ್ ಬಂದಿದ್ದ. ಮರಿಸೋಲ್ ಪರ ವಕೀಲ ವೆಲ್ಡಾಳನ್ನು ಸಾಕ್ಷಿಗೆ ಕರೆದ. ಅವಳು ಚರ್ಚಿಗೆ ಹಾಕುವ ನೀಲಿ ಉಡುಪಿನಲ್ಲಿ ಹೋಗಿ ಕೂತಳು. ಆ ಭಾನುವಾರದ ಊಟವನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ತಾನು ಮಗನ ಬಾಯಿ ಮುಚ್ಚಿಸಿದ್ದನ್ನೂ ಬಿಡಲಿಲ್ಲ.

ಸೇನೆಯ ಪರ ವಕೀಲ ಎಳೆಯ ವಯಸ್ಸಿನವನು. ಮೆತ್ತಗೆ ಶುರುಮಾಡಿದ. “ಶ್ರೀಮತಿ ಪ್ರುಯಿಟ್, ನೀವು ದುಃಖದಲ್ಲಿದ್ದೀರಿ. ದುಃಖದಲ್ಲಿ ನೆನಪು ಅದಲುಬದಲಾಗೋದು ಸಹಜ.”

“ದುಃಖ ಮನೇಲಿಟ್ಟು ಬಂದಿದೀನಿ ಮಗಾ. ಇಲ್ಲಿ ನೀನು ನೋಡ್ತಿರೋದು ಸಿಟ್ಟು. ಸಿಟ್ಟಲ್ಲಿ ನಂಗೆ ಚೆನ್ನಾಗಿ ನೆನಪಿರುತ್ತೆ.”

“ಆ ಮಾತು ನಡೆದದ್ದಕ್ಕೆ ಇನ್ನೊಬ್ಬರು ಸಾಕ್ಷಿ ಇದ್ದಾರಾ?”

“ಇದ್ದಾನೆ. ದಿಬ್ಬದ ಮೇಲಿನ ದೊಡ್ಡ ಬಂಗಲೇಲಿರ್ತಾನೆ. ಕರ್ಸಿ, ಪ್ರಮಾಣ ಮಾಡ್ಸಿ. ನನ್ನ ಕಣ್ಣು ನೋಡ್ಕೊಂಡು ಇಲ್ಲ ಅನ್ಲಿ.”

ಕರ್ನಲ್ ಮುಖ ಕೆಳಗೆ ಹಾಕಿ ಏನೋ ಬರೆದುಕೊಂಡ.

ಅವನನ್ನು ಕರೆಸಲಿಲ್ಲ. ಕರೆಸುವ ಅಗತ್ಯವೇ ಬೀಳದಂತೆ ಎಲ್ಲವನ್ನೂ ಮುಗಿಸಿದರು. ಮರಿಸೋಲ್ ಮೇಲಿನ ಆರೋಪ ಕೈಬಿಟ್ಟರು. ಹುಡುಗಿ ಕುಂಟುತ್ತಲೇ ಸೇನೆ ಬಿಟ್ಟಳು. ‘ಮೇಲಿಂದ ಬಂದ ಆಜ್ಞೆ’ ಎಂದಿದ್ದ ಲೆಫ್ಟಿನೆಂಟಿಗೆ ಛೀಮಾರಿಯಾಯಿತು. ಮೇಲೆ ಎಂದರೆ ಎಷ್ಟು ಮೇಲೆ ಎಂದು ಯಾರೂ ಕೇಳಲಿಲ್ಲ. ಜನರಲ್ ಮೂರನೆಯ ನಕ್ಷತ್ರದಿಂದ ತಾನಾಗಿಯೇ ಹಿಂದೆ ಸರಿದನೆಂದು, ಕುಟುಂಬದಲ್ಲಾದ ಸಾವಿನ ದುಃಖ ಅದಕ್ಕೆ ಕಾರಣವೆಂದು ಪತ್ರಿಕೆಯಲ್ಲಿ ಬಂತು. ಮಗನನ್ನು ಕಳೆದುಕೊಂಡವಳು ಊರಿಗೆ ಕೆಟ್ಟವಳಾದಳು. ಅದೇ ಸಾವು ಅವನಿಗೆ ಗೌರವದ ನೆಪವಾಯಿತು. ಇದನ್ನು ನೆನೆದಾಗಲೆಲ್ಲ ನನ್ನ ಮೈ ಉರಿಯುತ್ತದೆ.

ನಿವೃತ್ತಿಯ ಕವಾಯತು ದಂಡಿನ ದೊಡ್ಡ ಮೈದಾನದಲ್ಲಿ ನಡೆಯಿತು. ವಾದ್ಯ, ಫಿರಂಗಿ, ಸಾಲು ಸಾಲು ಪಡೆ. ಮುಂದಿನ ಸಾಲಿನಲ್ಲಿ ವೆಲ್ಡಾಳಿಗೂ ಕುರ್ಚಿ ಹಾಕಿಸಿದ್ದ. ಅವಳು ಹೋಗಲಾರಳೆಂದುಕೊಂಡಿದ್ದೆ. ಹೋದಳು, ನನ್ನನ್ನೂ ಎಳೆದುಕೊಂಡು. ನೆಟ್ಟಗೆ ಕೂತಳು. ಒಂದು ಸಲವೂ ಚಪ್ಪಾಳೆ ತಟ್ಟಲಿಲ್ಲ.

ರಾಯ್ಸ್ ಭಾಷಣ ಮಾಡಿದ. ದೇಶ, ಕರ್ತವ್ಯ, ಹೆಂಡತಿಯ ತಾಳ್ಮೆ. ಕೊನೆಗೆ ದನಿಯನ್ನು ಒಂದಿಷ್ಟು ಒದ್ದೆ ಮಾಡಿಕೊಂಡು, “ಇಸ್ತ್ರಿ ಮೇಜಿನ ಕೆಳಗೆ ನನ್ನನ್ನು ಬೆಳೆಸಿದ ನನ್ನ ಅಕ್ಕ ಇಲ್ಲೇ ಕೂತಿದ್ದಾಳೆ” ಎಂದ. ಜನ ಚಪ್ಪಾಳೆಗೆ ಕೈಯೆತ್ತಿದರು.

ವೆಲ್ಡಾ ಎದ್ದಳು. ವಂದಿಸಲು ಎದ್ದಳೆಂದುಕೊಂಡು ಜನ ಜೋರಾಗಿ ತಟ್ಟಿದರು. ಅವಳು ಹಗ್ಗ ದಾಟಿ ಮೈದಾನಕ್ಕೆ ಇಳಿದಳು. ಸಿಪಾಯಿಗಳಲ್ಲದವರು ಕಾಲಿಡಬಾರದ ಆ ಹುಲ್ಲಿನ ಮೇಲೆ, ವೇದಿಕೆಗೆ ಬೆನ್ನು ಹಾಕಿ, ಮಂಡಿನೋವಿನ ಕಾಲನ್ನು ಎಳೆಯುತ್ತ, ನಿಂತ ಪಡೆಯ ಮುಂದೆಯೇ ನಡೆದಳು. ಚಪ್ಪಾಳೆ ಅಲ್ಲಲ್ಲೇ ಸತ್ತಿತು. ವಾದ್ಯದವರು ಬಾರಿಸಬೇಕೋ ಬೇಡವೋ ತಿಳಿಯದೆ ನಾಯಕನ ಮುಖ ನೋಡಿದರು. ತಡೆಯಲು ಹೊರಟ ಒಬ್ಬ ಅಧಿಕಾರಿ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟ. ಗಾಡಿ ಶೆಡ್ಡಿನ ತುಕಡಿಯ ಎದುರು ಬಂದಾಗ ಅವಳು ನಿಂತು, ಆ ಹುಡುಗರ ಮುಖಗಳನ್ನು ಒಂದೊಂದಾಗಿ ನೋಡಿದಳು. ಅವರು ಆಜ್ಞೆಯಿಲ್ಲದೆ ಅಲುಗಾಡುವಂತಿರಲಿಲ್ಲ. ಕೆಲವರ ಕಣ್ಣಲ್ಲಿ ನೀರಿಳಿಯುತ್ತಿತ್ತು. ಮತ್ತೆ ನಡೆದು, ಮೈದಾನದ ಆಚೆ ನಿಲ್ಲಿಸಿದ್ದ ನನ್ನ ಕಾರಿನ ಹತ್ತಿರ ಹೋಗಿ ಕಾದಳು. ನಾನು ಸುತ್ತು ಹಾಕಿಕೊಂಡು ಏದುಸಿರು ಬಿಡುತ್ತ ಬಂದಾಗ, “ಬೀಗ ತೆಗಿ, ಬಿಸಿಲು” ಎಂದಳು.

ಈಗ ಅವನು ವರ್ಜೀನಿಯಾದಲ್ಲಿದ್ದಾನೆ. ಯುದ್ಧಸಾಮಗ್ರಿ ಮಾಡುವ ಯಾವುದೋ ಕಂಪನಿಗೆ ಸಲಹೆಗಾರನಂತೆ. ನಾಯಕತ್ವದ ಬಗ್ಗೆ ಊರೂರಿಗೆ ಹೋಗಿ ಭಾಷಣ ಮಾಡುತ್ತಾನಂತೆ. ಎರಡು ನಕ್ಷತ್ರ ಸಾಯುವವರೆಗೂ ಅವನವೇ, ಯಾರೂ ಕಿತ್ತುಕೊಳ್ಳುವುದಿಲ್ಲ.

ಇಲ್ಲಿ ಮನೆಮಂದಿಯೆಲ್ಲ ಸೇರಿ ಉಣ್ಣುವ ನವೆಂಬರಿನ ಹಬ್ಬಕ್ಕೆ ಕಳೆದ ವರ್ಷ ಒಬ್ಬನೇ ಬಂದಿದ್ದ. ನಾನು ವೆಲ್ಡಾಳ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಮೆಟ್ಟಿಲ ಮೇಲೆ ಅಂಗಡಿಯ ಸಿಹಿ ಡಬ್ಬಿ ಹಿಡಿದು ನಿಂತಿದ್ದ ಅವನಿಗೆ ಬೆನ್ನು ಬಾಗಿತ್ತು, ಕೂದಲು ಪೂರ್ತಿ ನರೆತಿತ್ತು. ವೆಲ್ಡಾ ಜಾಲರಿ ಬಾಗಿಲ ಚಿಲಕ ತೆಗೆಯಲಿಲ್ಲ.

“ಆ ಹುಡುಗಿ ಹತ್ರ ಹೋಗಿದ್ಯಾ?” ಎಂದು ಕೇಳಿದಳು.

“ಇಲ್ಲ ಅಕ್ಕ.”

“ಲೊನ್ನಿ ನಂಗೆ ಹೇಳಿದ್ದ ಅಂತ ಯಾರ ಮುಂದಾದ್ರೂ ಒಪ್ಕೊಂಡ್ಯಾ?”

ಅವನು ತಲೆ ತಗ್ಗಿಸಿದ. “ಈಗ ಹೇಳಿ ಏನಾಗುತ್ತೆ ಅಕ್ಕ? ಇಬ್ರಿಗೂ ವಯಸ್ಸಾಯ್ತು. ನಂಗೆ ಇರೋದು ನೀನೊಬ್ಳೇ.”

“ನಂಗೂ ಒಬ್ಬನೇ ಇದ್ದ” ಎಂದಳು. “ಹೇಳಿ ಬಾ. ಹೇಳಿದ ದಿನ ಈ ಬಾಗಿಲು ತೆಗೀತೀನಿ.”

ಒಳಬಾಗಿಲನ್ನೂ ಹಾಕಿದಳು. ಬಹಳ ಹೊತ್ತು ಅವನು ಅಲ್ಲೇ ನಿಂತಿದ್ದದ್ದು ಕಿಟಕಿಯ ಪರದೆಯ ಮೇಲೆ ನೆರಳಾಗಿ ಕಾಣುತ್ತಿತ್ತು. ವೆಲ್ಡಾ ಒಲೆಯ ಹತ್ತಿರ ಬಂದು, ನನ್ನ ಕೈಯಿಂದ ಚಾಕು ಕಿತ್ತುಕೊಂಡು, “ಇಷ್ಟು ದಪ್ಪ ಸಿಪ್ಪೆ ತೆಗೆದ್ರೆ ಬೇಯಿಸೋಕೇನು ಉಳಿಯುತ್ತೆ” ಎಂದು ರೇಗಿದಳು. ತಾನೇ ಸುಲಿಯತೊಡಗಿದಳು. ಆಚೆ ಕಾರು ಹೊರಟ ಸದ್ದಾಯಿತು. ಅವಳು ತಲೆಯೆತ್ತಲಿಲ್ಲ.